ಮಣ್ಣೆತ್ತು, ಭತ್ತ, ನೀರು: ಚಿಣ್ಣರ ಮೊದಲ ಪಾಠ

ಹರಿಹರ ತಾಲ್ಲೂಕಿನ ನಂದಿಗುಡಿಯಂಥ ಊರಿನಲ್ಲಿ ಬೆಳೆಯುವ ಮಗುವಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಎಷ್ಟೊಂದು ಸಂಗತಿ ಗೊತ್ತಿರುತ್ತದೆ! ನಾಲೆಗೆ ನೀರು ಬಿಟ್ಟರೆಂದರೆ ಗದ್ದೆಗೆ ಟ್ರ್ಯಾಕ್ಟರ್ ಇಳಿಯುತ್ತದೆ ಎಂಬುದು ಗೊತ್ತು. ಎಮ್ಮೆ ಕರುವಿಗೂ ಹಸುವಿನ ಕರುವಿಗೂ ಇರುವ ವ್ಯತ್ಯಾಸ ಗೊತ್ತು. ಭತ್ತದ ಹುಲ್ಲಿನ ಬಣವೆಯ ಮೇಲೆ ಹೊರಳಾಡಿದರೆ ಮೈಯೆಲ್ಲಾ ತುರಿಸುತ್ತದೆ ಎಂಬುದೂ ಗೊತ್ತು. ಇಷ್ಟೆಲ್ಲಾ ತಿಳಿದ ಮಗುವನ್ನು ಎಲ್‌ಕೆಜಿಗೆ ಸೇರಿಸಿದ ದಿನ ಅದರ ಕೈಗೆ ಸಿಗುವ ಪುಸ್ತಕದ ಮೊದಲ ಪುಟದಲ್ಲಿರುವುದು ಸೇಬಿನ ಚಿತ್ರ. ಸೇಬಿನ ಮರವನ್ನು ಆ ಮಗು ಕಂಡಿಲ್ಲ. ಕಲಿಸುವವರೂ ಬಹುಮಟ್ಟಿಗೆ ಕಂಡಿಲ್ಲ. ಆದರೂ ಕಲಿಕೆ ಶುರುವಾಗುವುದು ಅಲ್ಲಿಂದಲೇ!

ಮಗು ತಾನು ಕಂಡು, ಮುಟ್ಟಿ ಬಲ್ಲ ಒಂದು ವಸ್ತುವನ್ನೇ ಹಿಡಿದು ಅದರ ಸುತ್ತ ವಾರವಿಡೀ ಕೈಕೆಲಸ, ಮಾತು, ಎಣಿಕೆ, ಹಾಡು, ಆಟ ಎಲ್ಲವನ್ನೂ ಹೆಣೆಯುವ ಕ್ರಮವೊಂದಿದೆ. ಅದಕ್ಕೆ ವಿಷಯಾಧಾರಿತ ಚಟುವಟಿಕೆ ಎಂದು ಹೆಸರು. ಇದು ನಗರದ ದುಬಾರಿ ಶಾಲೆಗಳ ಸೊತ್ತು ಎಂದು ಅನೇಕ ಪೋಷಕರು ತಿಳಿದಿದ್ದಾರೆ. ನಿಜಸಂಗತಿ ಬೇರೆ. ನಮ್ಮ ರಾಜ್ಯದ ಅಂಗನವಾಡಿಗಳಿಗಾಗಿಯೇ ರೂಪಿಸಿದ ‘ಚಿಲಿಪಿಲಿ’ ಪಠ್ಯಕ್ರಮದ ತಳಹದಿಯೂ ಇದೇ. ಪುಸ್ತಕ ಇದೆ, ಕ್ರಮ ಇದೆ. ಆದರೆ ‘ನಮ್ಮ ಮಗು ಇವತ್ತು ಏನು ಬರೆಯಿತು?’ ಎಂದು ಕೇಳುವ ಪೋಷಕರ ಎದುರು ಅದು ಎಷ್ಟೋ ಕಡೆ ಬೀರುವಿನಲ್ಲೇ ಉಳಿಯುತ್ತದೆ.

ಹೂದೋಟದಿಂದ ಅಂಗಳಕ್ಕೆ

ಮಗು ಕೈಯಿಂದ ಕಲಿಯಬೇಕು ಎಂಬುದು ಹೊಸ ಮಾತಲ್ಲ. ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಕೇಂದ್ರ ತೆರೆದ. 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟ. ಹಾಗೆಂದರೆ ಮಕ್ಕಳ ತೋಟ. ಅಲ್ಲಿ ಮಕ್ಕಳ ಕೈಗೆ ಕೊಟ್ಟದ್ದು ಉಣ್ಣೆಯ ಚೆಂಡು, ಮರದ ಗೋಲ, ಘನಾಕೃತಿಯ ತುಂಡುಗಳು. ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ ತೆರೆದರು. 1939ರಲ್ಲಿ ಭಾರತಕ್ಕೆ ಬಂದ ಅವರು ಎರಡನೆಯ ಮಹಾಯುದ್ಧದ ಕಾಲವನ್ನೆಲ್ಲ ಇಲ್ಲಿಯೇ ಶಿಕ್ಷಕರಿಗೆ ತರಬೇತಿ ಕೊಡುತ್ತ ಕಳೆದರು.

ಅವರು ಬರುವುದಕ್ಕೆ ಮೊದಲೇ ಗುಜರಾತಿನ ಭಾವನಗರದಲ್ಲಿ ವಕೀಲಿ ವೃತ್ತಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಆರಂಭಿಸಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಕಡಲತೀರದ ಬೋರ್ಡಿ ಗ್ರಾಮಕ್ಕೆ ಹೋದರು. ಬಡವರ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಮನೆಯ ಅಂಗಳಕ್ಕೆ ಒಯ್ದರು. ಅಲ್ಲಿ ದುಬಾರಿ ಸಾಮಗ್ರಿ ಎಲ್ಲಿಂದ ಬರಬೇಕು? ಎಲೆ, ಬೀಜ, ಕಲ್ಲು, ಕಪ್ಪೆಚಿಪ್ಪುಗಳೇ ಪಾಠೋಪಕರಣಗಳಾದವು. ‘ಅಂಗನವಾಡಿ’ ಎಂಬ ಹೆಸರಿನೊಳಗೆ ಇರುವುದು ಈ ಅಂಗಳವೇ.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿದಾಗ ಅದರ ಆರು ಸೇವೆಗಳಲ್ಲಿ ಒಂದು, ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣ. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಪೌಷ್ಟಿಕ ಆಹಾರ ಮತ್ತು ಚುಚ್ಚುಮದ್ದು. ‘ಅಂಗನವಾಡಿಯಲ್ಲಿ ಉಂಡು ಮಲಗುತ್ತಾರೆ, ಕಲಿಯುವುದೇನು?’ ಎಂಬ ಮಾತು ಹುಟ್ಟಿದ್ದು ಹೀಗೆ.

ಮಣಿಕಟ್ಟು ಏನು ಹೇಳುತ್ತದೆ?

ಬರೆಯುವುದನ್ನು ಬೇಗ ಕಲಿಸಿದರೆ ತಪ್ಪೇನು ಎಂದು ಕೇಳುವವರು ಒಮ್ಮೆ ಮಗುವಿನ ಕೈಯನ್ನು ಗಮನಿಸಬೇಕು. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಆಗತಾನೆ ಹುಟ್ಟಿದ ಕೂಸಿನ ಕೈಯ ಕ್ಷ-ಕಿರಣ ಚಿತ್ರ ತೆಗೆದರೆ ಅವುಗಳಲ್ಲಿ ಒಂದೂ ಸಾಮಾನ್ಯವಾಗಿ ಕಾಣುವುದಿಲ್ಲ. ಏಕೆಂದರೆ ಅವು ಇನ್ನೂ ಮೆದುವಾದ ಮೃದ್ವಸ್ಥಿಯ ರೂಪದಲ್ಲಿರುತ್ತವೆ. ಒಂದೊಂದಾಗಿ ಅವು ಮೂಳೆಯಾಗುತ್ತ ಹೋಗುತ್ತವೆ. ಎಂಟನೆಯದು ಕಾಣಿಸಿಕೊಳ್ಳುವುದು ಮಗುವಿಗೆ ಒಂಬತ್ತು, ಹತ್ತು, ಕೆಲವರಲ್ಲಿ ಹನ್ನೆರಡು ವರ್ಷವಾದಾಗ.

ಇದರರ್ಥ ಅಲ್ಲಿಯವರೆಗೆ ಮಗು ಬರೆಯಬಾರದು ಎಂದಲ್ಲ. ಮೂರು ವರ್ಷದ ಕೈ ಆರು ವರ್ಷದ ಕೈಯಲ್ಲ ಎಂದಷ್ಟೇ. ಪೆನ್ಸಿಲ್ ಹಿಡಿಯಲು ಹೆಬ್ಬೆರಳು, ತೋರುಬೆರಳು, ನಡುಬೆರಳು ಒಂದಾಗಿ ದುಡಿಯಬೇಕು. ಕಣ್ಣು ನೋಡಿದ ಕಡೆಗೆ ಕೈ ತಿರುಗಬೇಕು. ಈ ಹೊಂದಾಣಿಕೆ ಬರುವುದು ಹಿಟ್ಟು ನಾದುವುದರಿಂದ, ಅವರೆ ಸುಲಿಯುವುದರಿಂದ, ಮಣಿ ಪೋಣಿಸುವುದರಿಂದ, ಮಣ್ಣು ಮಿದಿಯುವುದರಿಂದ. ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕಾಗದ ಹರಿಯುವಂತೆ ಒತ್ತುವ ಮಗುವಿಗೆ ಇನ್ನೊಂದು ಕಾಪಿ ಪುಸ್ತಕ ಕೊಡಿಸುವುದಕ್ಕಿಂತ ಒಂದು ಮುದ್ದೆ ಜೇಡಿಮಣ್ಣು ಕೊಡುವುದು ಮೇಲು.

ಹಾಗಾದರೆ ನಂದಿಗುಡಿಯ ಸುತ್ತಲಿನ ಊರುಗಳಲ್ಲಿ ಒಂದು ವರ್ಷದ ಕಲಿಕೆಗೆ ಯಾವ ವಿಷಯಗಳನ್ನು ಆರಿಸಿಕೊಳ್ಳಬಹುದು? ಮೂರನ್ನು ನೋಡೋಣ.

ಜೂನ್ ತಿಂಗಳ ಪಾಠ: ಎತ್ತು

ಊರಿನ ಹೆಸರಿನಲ್ಲೇ ನಂದಿ ಇದ್ದಾನೆ. ಶಾಲೆಗಳು ಆರಂಭವಾಗುವ ದಿನಗಳಲ್ಲೇ ಕಾರಹುಣ್ಣಿಮೆ ಬರುತ್ತದೆ. ರೈತರು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಮೆರೆಸುತ್ತಾರೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಉತ್ತರ ಮತ್ತು ಮಧ್ಯ ಕರ್ನಾಟಕದ ಅನೇಕ ಕಡೆ ಅಂದು ಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ. ಕೈಯಿಂದ ಕಲಿಯುವ ಪಾಠವನ್ನು ಯಾವ ಶಿಕ್ಷಣ ತಜ್ಞನೂ ಹೇಳಿಕೊಡುವುದಕ್ಕೆ ಮೊದಲೇ ನಮ್ಮ ಹಿರಿಯರು ಹಬ್ಬದ ಹೆಸರಿನಲ್ಲಿ ಮಕ್ಕಳ ಕೈಗೆ ಕೊಟ್ಟಿದ್ದರು!

ಜೇಡಿಮಣ್ಣನ್ನು ತಂದು, ಕಲ್ಲು, ಮುಳ್ಳು, ಗಾಜಿನ ಚೂರು ಇಲ್ಲದಂತೆ ಜರಡಿ ಹಿಡಿದು, ನೀರು ಬೆರೆಸಿ ಹದ ಮಾಡಿಕೊಳ್ಳಬೇಕು. ಮಕ್ಕಳಿಗೆ ಹಂಚಿದ ಮೇಲೆ ‘ಹೀಗೆ ಮಾಡು, ಹಾಗೆ ಮಾಡು’ ಎನ್ನದೆ ಸುಮ್ಮನೆ ಗಮನಿಸಬೇಕು. ಒಂದು ಮಗು ಉದ್ದನೆಯ ಸುರುಳಿ ಹೊಸೆದು ಬಾಲ ಎನ್ನುತ್ತದೆ. ಇನ್ನೊಂದರ ಎತ್ತಿಗೆ ಮೂರೇ ಕಾಲು; ಅದು ವಾಲಿ ಬೀಳುತ್ತದೆ. ‘ಏಕೆ ಬಿತ್ತು?’ ಎಂದು ಕೇಳಿದರೆ ಸಾಕು, ಮಗು ಎಣಿಸತೊಡಗುತ್ತದೆ. ಕಾಲು ನಾಲ್ಕು, ಕೊಂಬು ಎರಡು, ಬಾಲ ಒಂದು. ಎರಡು ಎತ್ತು ಸೇರಿದರೆ ಒಂದು ಜೋಡಿ. ಇದು ಗಣಿತವಲ್ಲದೆ ಮತ್ತೇನು?

ಮರುದಿನ ಎತ್ತುಗಳನ್ನು ಒಣಗಿಸುವ ಕೆಲಸ. ಕೆಲವನ್ನು ಬಿಸಿಲಿನಲ್ಲಿ, ಕೆಲವನ್ನು ನೆರಳಿನಲ್ಲಿ ಇಡಿಸಬೇಕು. ಬಿಸಿಲಿನಲ್ಲಿ ಇಟ್ಟವು ಬಿರುಕು ಬಿಡುವುದು ಹೆಚ್ಚು. ಮಣ್ಣಿನ ಕಣಗಳ ನಡುವಿನ ನೀರು ಹೊರಟುಹೋದಾಗ ಮಣ್ಣು ಕುಗ್ಗುತ್ತದೆ. ಬಿಸಿಲಿನಲ್ಲಿ ಹೊರಮೈ ಬೇಗ ಒಣಗಿ ಕುಗ್ಗಿದರೂ ಒಳಗೆ ಇನ್ನೂ ಹಸಿ ಇರುವುದರಿಂದ ಮೈ ಸೀಳುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದೂ ಇದೇ ಕಾರಣಕ್ಕೆ. ಈ ವಿವರಣೆ ನಾಲ್ಕು ವರ್ಷದ ಮಗುವಿಗೆ ಬೇಕಿಲ್ಲ. ಅಣ್ಣ ಅಕ್ಕಂದಿರಾದ ಹೈಸ್ಕೂಲು ವಿದ್ಯಾರ್ಥಿಗಳಿಗೆ ಬೇಕು. ಚಿಕ್ಕವರಿಗೆ ನೋಡಿದ್ದೇ ಸಾಕು. ಕೊನೆಯಲ್ಲಿ ಒಣಗಿದ ಒಂದು ಮಣ್ಣೆತ್ತನ್ನೂ ಮಡಕೆಯ ಒಂದು ಚೂರನ್ನೂ ನೀರಿನಲ್ಲಿಡಿ. ಎತ್ತು ಕರಗುತ್ತದೆ, ಸುಟ್ಟ ಮಡಕೆ ಹಾಗೆಯೇ ಉಳಿಯುತ್ತದೆ. ಎರಡೂ ಮಣ್ಣೇ, ಆದರೂ ಏಕೆ ಹೀಗೆ? ಈ ಪ್ರಶ್ನೆ ಮನೆಗೆ ಹೋಗಲಿ, ಉತ್ತರವನ್ನು ಅಜ್ಜ ಹೇಳಲಿ.

ಗದ್ದೆಯಿಂದ ಮಂಡಕ್ಕಿಯವರೆಗೆ

ಎರಡನೆಯ ವಿಷಯ ಭತ್ತ. ಭದ್ರಾ ನೀರು ಹರಿಯುವ ಈ ಸೀಮೆಯಲ್ಲಿ ಭತ್ತವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೊದಲ ದಿನ ಮಕ್ಕಳು ಒಂದು ಹಿಡಿ ಭತ್ತ, ಒಂದು ಹಿಡಿ ಅಕ್ಕಿ ತರಲಿ. ಕಣ್ಣು ಮುಚ್ಚಿ ಮುಟ್ಟಿ ಯಾವುದು ಯಾವುದೆಂದು ಹೇಳಲಿ. ಭತ್ತ ಒರಟು, ಅಕ್ಕಿ ನುಣುಪು. ಆ ಒರಟುತನಕ್ಕೆ ಭತ್ತದ ಸಿಪ್ಪೆಯಲ್ಲಿರುವ ಸಿಲಿಕಾ ಒಂದು ಕಾರಣ. ಮರಳಿನಲ್ಲಿರುವುದೂ ಅದೇ ವಸ್ತು. ಎರಡನ್ನೂ ಬೆರೆಸಿ ಬೇರ್ಪಡಿಸಲು ಕೊಟ್ಟರೆ ಅರ್ಧ ಗಂಟೆ ತರಗತಿಯಲ್ಲಿ ಸದ್ದಿರುವುದಿಲ್ಲ. ಕಾಳು ಹೆಕ್ಕುವ ಆ ಬೆರಳುಗಳೇ ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳು.

ಎರಡನೆಯ ದಿನ ಎರಡು ಬಟ್ಟೆಗಳಲ್ಲಿ, ಒಂದರಲ್ಲಿ ಒಂದು ದಿನ ನೆನೆದ ಭತ್ತ, ಇನ್ನೊಂದರಲ್ಲಿ ಒಂದು ದಿನ ನೆನೆದ ಅಕ್ಕಿ ಕಟ್ಟಿಡಬೇಕು. ‘ಯಾವುದು ಮೊಳೆಯುತ್ತದೆ?’ ಎಂದು ಪ್ರತಿ ಮಗುವನ್ನೂ ಕೇಳಬೇಕು. ಸಿಪ್ಪೆ ಇಲ್ಲದ ಅಕ್ಕಿಯೇ ಬೇಗ ಮೊಳೆಯುತ್ತದೆ ಎನ್ನುವವರೂ ಇರುತ್ತಾರೆ. ಅದನ್ನು ತಪ್ಪೆಂದು ಹೇಳಬಾರದು. ಬಟ್ಟೆ ಬಿಚ್ಚಿ ನೋಡುವ ತನಕ ಕಾಯಬೇಕು. ಎರಡು ಮೂರು ದಿನದಲ್ಲಿ ಭತ್ತಕ್ಕೆ ಬಿಳಿಯ ಮೂತಿ ಬಂದಿರುತ್ತದೆ. ಅಕ್ಕಿ ಮಾತ್ರ ಹುಳಿವಾಸನೆ ಬರತೊಡಗಿರುತ್ತದೆ. ಗಿರಣಿಯಲ್ಲಿ ಪಾಲಿಶ್ ಆಗುವಾಗ ಕಾಳಿನ ತುದಿಯಲ್ಲಿದ್ದ ಭ್ರೂಣವೇ ಕಳಚಿ ತೌಡಿನ ಜೊತೆ ಹೋಗಿರುತ್ತದೆ, ಮೊಳೆಯುವುದಾದರೂ ಏನು? ಹೇಳಿ ಕಲಿಸಿದ್ದು ನಾಳೆಗೆ ಮರೆತೀತು. ತಾನೇ ಊಹಿಸಿ, ಕಾದು, ಬಿಚ್ಚಿ ನೋಡಿದ್ದು ಮರೆಯುವುದಿಲ್ಲ.

ವಾರದ ಕೊನೆಗೆ ಮಂಡಕ್ಕಿ. ದಾವಣಗೆರೆ ಜಿಲ್ಲೆಯ ಮಕ್ಕಳಿಗೆ ಮಂಡಕ್ಕಿಯನ್ನು ಪರಿಚಯಿಸಬೇಕಿಲ್ಲ. ಎರಡು ಕರಟ, ದಾರ, ಒಂದು ಕೋಲಿನಿಂದ ತಕ್ಕಡಿ ಮಾಡಿ. ಒಂದು ಕಡೆ ಕರಟ ತುಂಬ ಅಕ್ಕಿ, ಇನ್ನೊಂದು ಕಡೆ ಕರಟ ತುಂಬ ಮಂಡಕ್ಕಿ. ಅಳತೆ ಒಂದೇ, ತೂಕ ಬೇರೆ! ನೀರಿಗೆ ಹಾಕಿದರೆ ಅಕ್ಕಿ ಮುಳುಗುತ್ತದೆ, ಮಂಡಕ್ಕಿ ತೇಲುತ್ತದೆ. ಭಟ್ಟಿಯ ಕಾದ ಮರಳಿನಲ್ಲಿ ಹುರಿದಾಗ ಕಾಳಿನೊಳಗಿನ ತೇವ ಒಮ್ಮೆಲೇ ಆವಿಯಾಗಿ ಹಿಗ್ಗುತ್ತದೆ. ಬೆಂದು ಮೆದುವಾದ ಕಾಳನ್ನು ಅದು ಉಬ್ಬಿಸುತ್ತದೆ. ಒಳಗೆ ತುಂಬಿದ್ದು ಗಾಳಿ. ಪಾಠ ಮುಗಿದ ಮೇಲೆ ಪಾಠೋಪಕರಣವನ್ನು ಒಗ್ಗರಣೆ ಹಾಕಿ ತಿನ್ನಬಹುದಾದ ವಿಷಯ ಇನ್ನೊಂದಿಲ್ಲ.

ಒಂದು ಎಚ್ಚರಿಕೆ. ಕಾಳುಗಳ ಆಟದಲ್ಲಿ ದೊಡ್ಡವರ ಕಣ್ಣು ಸದಾ ಇರಬೇಕು. ಮೂಗಿಗೋ ಕಿವಿಗೋ ತೂರಿಸಿಕೊಂಡ ಕಡಲೆ ತೇವಕ್ಕೆ ಊದಿಕೊಳ್ಳುತ್ತದೆ. ಶೇಂಗಾ ಶ್ವಾಸನಾಳಕ್ಕೆ ಹೋದರೆ ಪ್ರಾಣಾಪಾಯ. ಮೂರು ವರ್ಷದ ಮಕ್ಕಳಿಗೆ ಕಾಳಿನ ಬದಲು ದೊಡ್ಡ ಬಿರಟೆ, ಜೋಳದ ದಂಟಿನ ತುಂಡು ಕೊಡುವುದು ಲೇಸು. ಹರಳುಬೀಜ, ಗುಲಗಂಜಿಗಳನ್ನು ಚೆಂದವೆಂದು ತರಗತಿಗೆ ತರಲೇಬಾರದು. ಎರಡೂ ವಿಷ.

ಎತ್ತರದ ಲೋಟದ ಮೋಜು

ಮೂರನೆಯ ವಿಷಯ ನೀರು. ಒಂದು ಅಗಲ ಬೋಗುಣಿ, ಚೊಂಬು, ಲೋಟ, ಆಲಿಕೆ ಇಷ್ಟಿದ್ದರೆ ಸಾಕು. ಒಂದು ಬೋಗುಣಿ ತುಂಬಲು ಎಷ್ಟು ಚೊಂಬು ನೀರು ಬೇಕು? ಒಂದು ಚೊಂಬಿಗೆ ಎಷ್ಟು ಲೋಟ? ಸುರಿದು ಸುರಿದು ಎಣಿಸಲಿ. ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ ಎಂದು ಮೊದಲು ಹೇಳಿ ಆಮೇಲೆ ಹಾಕಿ ನೋಡಲಿ. ಸಿಪ್ಪೆಯಿರುವ ಕಿತ್ತಳೆ ತೇಲುತ್ತದೆ; ಸಿಪ್ಪೆ ಸುಲಿದರೆ ಹಗುರವಾದ ಮೇಲೂ ಮುಳುಗುತ್ತದೆ! ಸಿಪ್ಪೆಯ ತುಂಬ ಗಾಳಿಯಿರುವುದೇ ಇದರ ಗುಟ್ಟು.

ಪೋಷಕರು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇಲ್ಲಿದೆ. ಒಂದೇ ತೆರನಾದ ಎರಡು ಲೋಟಗಳಲ್ಲಿ ಸಮನಾಗಿ ನೀರು ಹಾಕಿ. ‘ಎರಡರಲ್ಲೂ ಒಂದೇ ಸಮ ಇದೆಯೇ?’ ಎಂದು ಕೇಳಿ, ಮಗುವಿನಿಂದ ‘ಹೌದು’ ಎನಿಸಿಕೊಳ್ಳಿ. ಈಗ ಮಗುವಿನ ಕಣ್ಣೆದುರೇ ಒಂದು ಲೋಟದ ನೀರನ್ನು ಸಪೂರವಾದ ಎತ್ತರದ ಲೋಟಕ್ಕೆ ಸುರಿಯಿರಿ. ‘ಈಗ ಯಾವುದರಲ್ಲಿ ಹೆಚ್ಚು?’ ಎಂದು ಕೇಳಿ. ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಎತ್ತರದ ಲೋಟವನ್ನೇ ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಪ್ರಸಿದ್ಧಗೊಳಿಸಿದ ಪ್ರಯೋಗವಿದು. ಏಳು ವರ್ಷದ ಆಸುಪಾಸಿನಲ್ಲಿ ಅದೇ ಮಗು ‘ಅದೇ ನೀರು ತಾನೆ, ಹೆಚ್ಚು ಹೇಗಾದೀತು?’ ಎಂದು ನಗುತ್ತದೆ.

ಈ ಪ್ರಯೋಗದಲ್ಲಿ ಪೋಷಕರಿಗೂ ಒಂದು ಪಾಠವಿದೆ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವೂ ಎತ್ತರದ ಲೋಟವನ್ನೇ ತೋರಿಸಬಹುದು. ಅಂಕಿಯ ಹೆಸರು ಗೊತ್ತಿರುವುದು ಬೇರೆ, ‘ಎಷ್ಟು’ ಎಂಬುದು ಅರ್ಥವಾಗಿರುವುದು ಬೇರೆ. ಮೊದಲನೆಯದು ಬಾಯಿಂದ ಬರುತ್ತದೆ. ಎರಡನೆಯದು ಸುರಿದು, ಅಳೆದು, ಚೆಲ್ಲಿ ಬರುತ್ತದೆ. ನೀರಿನ ಆಟ ಬೋಗುಣಿಯಲ್ಲೇ ಇರಲಿ, ಮುಗಿದೊಡನೆ ನೀರು ಚೆಲ್ಲಿಬಿಡಿ. ಪುಟ್ಟ ಮಗುವಿಗೆ ತುಂಬಿದ ಬಕೆಟ್ಟೂ ಅಪಾಯವೇ. ನಾಲೆಯ ಏರಿಯ ಕಡೆಗಂತೂ ಮಕ್ಕಳನ್ನು ಬಿಡಲೇಬಾರದು.

ಅಲಂಕಾರವೇ ಪಾಠವಾದಾಗ

ವಿಷಯಾಧಾರಿತ ಕಲಿಕೆ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಕಲಿಕೆಯಲ್ಲ. ಸೋಮವಾರ ‘ಹಳದಿ ದಿನ’ ಎಂದು ಶಾಲೆಯಿಂದ ಚೀಟಿ ಬರುತ್ತದೆ. ಭಾನುವಾರ ಸಂಜೆ ತಂದೆ ಹಳದಿ ಅಂಗಿ ಹುಡುಕಿಕೊಂಡು ಪೇಟೆಗೆ ಓಡುತ್ತಾರೆ. ಥರ್ಮೋಕೋಲಿನ ಮನೆ ಮಾಡಿಕೊಂಡು ಬರಬೇಕೆಂದರೆ ರಾತ್ರಿ ಹನ್ನೊಂದರವರೆಗೆ ತಾಯಿ ಅಂಟು ಹಚ್ಚುತ್ತ ಕೂರುತ್ತಾರೆ. ಮಗು ನಿದ್ದೆ ಹೋಗಿರುತ್ತದೆ. ಬೆಳಿಗ್ಗೆ ಫೋಟೋ ಬರುತ್ತದೆ, ಎಲ್ಲರೂ ಮೆಚ್ಚುತ್ತಾರೆ. ಆದರೆ ದುಡಿದದ್ದು ಯಾರ ಕೈ?

ಒಂದು ಚಟುವಟಿಕೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಮೂರು ಪ್ರಶ್ನೆ ಸಾಕು. ಕೆಲಸವನ್ನು ಮಗುವಿನ ಕೈಯೇ ಮಾಡಿತೇ? ಮಾಡುವಾಗ ತಪ್ಪು ಮಾಡಲು, ಮತ್ತೆ ಮಾಡಲು ಅವಕಾಶವಿತ್ತೇ? ಮಾಡಿದ ಮೇಲೆ ಅದರ ಬಗ್ಗೆ ತನ್ನದೇ ಮಾತಿನಲ್ಲಿ, ಮನೆಯ ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಲಂಬಾಣಿಯಲ್ಲಿಯೋ, ಎರಡು ಮಾತು ಆಡಿತೇ? ಮೂರಕ್ಕೂ ‘ಹೌದು’ ಎಂದಾದರೆ ಗೋಡೆಯ ಮೇಲೆ ಒಂದೂ ಚಿತ್ರಪಟ ಇಲ್ಲದಿದ್ದರೂ ಅದು ಒಳ್ಳೆಯ ತರಗತಿ.

ಪೋಷಕರ ಅಂಜಿಕೆ

ಪೋಷಕರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ‘ನಾವು ಓದಲಿಲ್ಲ, ಮಗುವಾದರೂ ಇಂಗ್ಲಿಷ್ ಕಲಿಯಲಿ’ ಎಂದು ಕೂಲಿಯ ಹಣದಲ್ಲಿ ಉಳಿಸಿ ವ್ಯಾನಿನ ಬಾಡಿಗೆ ಕಟ್ಟುವವರ ಆಸೆಯಲ್ಲಿ ತಪ್ಪೇನಿದೆ? ಆದರೆ ಮೂರೂವರೆ ವರ್ಷಕ್ಕೆ ತುಂಬಿದ ಕಾಪಿ ಪುಸ್ತಕವೇ ಮುಂದಿನ ಜಾಣತನದ ಗುರುತು ಎಂಬ ನಂಬಿಕೆಗೆ ಆಧಾರವಿಲ್ಲ. ಪ್ರೊಫೆಸರ್ ಯಶಪಾಲ್ ಸಮಿತಿ 1993ರಲ್ಲಿ ಮಕ್ಕಳ ಓದಿನ ಹೊರೆ ಕುರಿತು ವರದಿ ಕೊಟ್ಟಾಗ, ನರ್ಸರಿ ಸೇರಿಸಲು ನಡೆಸುವ ಪರೀಕ್ಷೆ, ಸಂದರ್ಶನಗಳನ್ನೇ ನಿಲ್ಲಿಸಬೇಕೆಂದು ಹೇಳಿತ್ತು. ಎರಡು ವರ್ಷದ ನಂತರ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಮಾದರಿ ನೋಡಿ ಬಂದು ‘ನಲಿ-ಕಲಿ’ ಆರಂಭಿಸಿದರು. ಅದು ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಒಂದನೆಯ, ಎರಡನೆಯ ತರಗತಿಗಳಿಗೆಲ್ಲ ಹರಡಿತು. 2022ರಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಮೂರರಿಂದ ಎಂಟು ವರ್ಷದವರೆಗೆ ಆಟವೇ ಕಲಿಕೆಯ ದಾರಿ ಎಂದಿದೆ.

ಅಮೆರಿಕದ ಮಿಚಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ಪೆರಿ ಶಾಲಾಪೂರ್ವ ಅಧ್ಯಯನವನ್ನು ಇಲ್ಲಿ ನೆನೆಯಬಹುದು. 123 ಬಡ ಮಕ್ಕಳಲ್ಲಿ 58 ಮಂದಿಗೆ ಒಳ್ಳೆಯ ಶಿಶುವಿಹಾರ ದೊರೆಯಿತು. 65 ಮಂದಿಗೆ ಇಲ್ಲ. ಅಲ್ಲಿ ಮಕ್ಕಳು ಏನು ಮಾಡಬೇಕೆಂದು ತಾವೇ ಯೋಚಿಸಿ, ಮಾಡಿ, ಮಾಡಿದ್ದನ್ನು ಹೇಳಬೇಕಿತ್ತು. ನಲವತ್ತು ವರ್ಷದವರಾದಾಗ ವಿಚಾರಿಸಿದರೆ, ಮೊದಲ ಗುಂಪಿನಲ್ಲಿ ಹೈಸ್ಕೂಲು ಮುಗಿಸಿದವರು ನೂರಕ್ಕೆ 77, ಎರಡನೆಯದರಲ್ಲಿ 60. ಚಿಕ್ಕ ಗುಂಪಿನ ಅಧ್ಯಯನವಿದು, ದೇಶವೂ ಬೇರೆ. ಆದರೂ ಆಡಿ ಕಲಿತ ಮಕ್ಕಳು ಹಿಂದೆ ಬೀಳುತ್ತಾರೆ ಎಂಬ ಭಯ ಬೇಡ ಎನ್ನಲು ಇಷ್ಟು ಸಾಕು.

ಮನೆಯವರು ಏನು ಮಾಡಬಹುದು?

ಅಂಗನವಾಡಿ ಕಾರ್ಯಕರ್ತೆಯ ಮೇಲೆ ನೂರೆಂಟು ಹೊಣೆಗಳಿವೆ. ತೂಕ ನೋಡಬೇಕು, ಆಹಾರ ಹಂಚಬೇಕು, ಸಮೀಕ್ಷೆಗೆ ಹೋಗಬೇಕು, ಲೆಕ್ಕ ಬರೆಯಬೇಕು. ಇಷ್ಟರ ನಡುವೆ ಮಣ್ಣು ಜರಡಿ ಹಿಡಿಯುವವರು ಯಾರು? ಊರಿನ ಕೈಗಳು ಬೇಕಾಗುವುದು ಇಲ್ಲೇ. ತಿಂಗಳಿಗೊಮ್ಮೆ ಒಬ್ಬ ತಂದೆ ಮಣ್ಣು ತಂದು ಹಾಕಲಿ. ಒಬ್ಬ ಅಜ್ಜಿ ಮೊರದಲ್ಲಿ ಕೇರುವುದನ್ನು ತೋರಿಸಲಿ. ಹೊಟ್ಟು ಹಾರುವುದನ್ನೂ ಕಾಳು ಉಳಿಯುವುದನ್ನೂ ಕಂಡ ಮಗುವಿಗೆ ಗಾಳಿಯ ಬಲವನ್ನು ಬೇರೆ ಹೇಳಬೇಕಿಲ್ಲ. ಕೊಯ್ಲಿನ ಯಂತ್ರ ಬಂದ ಮೇಲೆ ಕಣವನ್ನೇ ಕಾಣದ ಮಕ್ಕಳು ಹಳ್ಳಿಯಲ್ಲೂ ಬೆಳೆಯುತ್ತಿದ್ದಾರೆ. ಅವರಿಗೆ ಮೊರ, ಒನಕೆ, ಬಳ್ಳ, ಸೇರುಗಳನ್ನು ತೋರಿಸಬಲ್ಲ ಹಿರಿಯರು ಇನ್ನೂ ಮನೆಗಳಲ್ಲಿದ್ದಾರೆ. ಹೈಸ್ಕೂಲಿನ ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಕರಟದ ತಕ್ಕಡಿ ಕಟ್ಟಿಕೊಡಬಹುದು; ಕಲಿಸುತ್ತ ತಾವೂ ಸನ್ನೆಯ ತತ್ತ್ವವನ್ನು ಮತ್ತೊಮ್ಮೆ ಕಲಿಯಬಹುದು.

ಇದಕ್ಕೆಲ್ಲ ಹಣ ಬೇಕಿಲ್ಲ. ಬೇಕಾದದ್ದು ಎರಡೇ: ಅಂಗಿಗೆ ಮಣ್ಣಾದರೆ ಗದರದಿರುವ ತಾಳ್ಮೆ ಮತ್ತು ಮನೆಗೆ ಬಂದ ಮಗುವಿನ ಚೀಲ ತಡಕಾಡುವ ಬದಲು ಕೇಳುವ ಒಂದು ಪ್ರಶ್ನೆ. ‘ಇವತ್ತು ಏನು ಬರೆದೆ?’ ಎಂದು ಕೇಳಿದರೆ ಮಗು ಪುಸ್ತಕ ತೋರಿಸಿ ಸುಮ್ಮನಾಗುತ್ತದೆ. ‘ಇವತ್ತು ಏನು ಮಾಡಿದೆ?’ ಎಂದು ಕೇಳಿ ನೋಡಿ. ಮೂರು ಕಾಲಿನ ಎತ್ತು ಬಿದ್ದ ಕಥೆ ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದಿರುತ್ತದೆ.